ಮೆಕ್ಕೆಜೋಳದ ಸುಳಿಯಲ್ಲಿ ಮಿಯಾಸಿಸ್: ಪುನರಾವರ್ತಿತ ಡಿಎನ್‌ಎಯನ್ನು ಕಣ್ಣಾರೆ ನೋಡುವ ಬಗೆ

ಪದವಿ ತರಗತಿಗಳಲ್ಲಿ ಮಿಯಾಸಿಸ್ (ವರ್ಣತಂತುಗಳ ಸಂಖ್ಯೆ ಅರ್ಧವಾಗುವ ಕೋಶವಿಭಜನೆ) ಪ್ರಯೋಗ ಎಂದರೆ ಹೆಚ್ಚಿನ ಕಡೆ ಈರುಳ್ಳಿಯ ಹೂಮೊಗ್ಗು, ಇಲ್ಲವೇ ಮಿಡತೆಯ ವೃಷಣ. ಎರಡರ ಬಗ್ಗೆಯೂ ನನ್ನ ತಕರಾರಿಲ್ಲ. ಆದರೆ ವರ್ಣತಂತುಗಳು ಜೋಡಿ ಕಟ್ಟುವಾಗ, ಬೇರೆಯಾಗುವಾಗ ಪುನರಾವರ್ತಿತ ಡಿಎನ್‌ಎ, ಅಂದರೆ ಒಂದೇ ಅನುಕ್ರಮ ಮತ್ತೆ ಮತ್ತೆ ಬರುವ ಡಿಎನ್‌ಎ, ಏನು ಮಾಡುತ್ತಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕಾದರೆ ನಾನು ಹಿಡಿಯುವುದು ಮೆಕ್ಕೆಜೋಳವನ್ನು.

ನಾನು ಪಾಠ ಹೇಳುವುದು ದಾವಣಗೆರೆ ಜಿಲ್ಲೆಯಲ್ಲಿ. ಮುಂಗಾರಿನಲ್ಲಿ ಕಾಲೇಜಿನ ಕಾಂಪೌಂಡು ದಾಟಿದರೆ ಸಾಕು, ಮೆಕ್ಕೆಜೋಳದ್ದೇ ಹೊಲಗಳು. ಸಾಮಗ್ರಿ ಸುಲಭವಾಗಿ ಸಿಗುತ್ತದೆ ಎನ್ನುವುದು ಒಂದು ಅನುಕೂಲವಷ್ಟೇ. ಇನ್ನೂ ದೊಡ್ಡ ಕಾರಣವೆಂದರೆ ಈ ಗಿಡದ ಹತ್ತು ಜೋಡಿ ವರ್ಣತಂತುಗಳನ್ನು ಮಿಯಾಸಿಸ್‌ನ ಪ್ಯಾಕಿಟೀನ್ ಹಂತದಲ್ಲಿ, ಅಂದರೆ ಜೋಡಿ ಕಟ್ಟಿ ಮುಗಿದಾಗ, ಒಂದೊಂದಾಗಿ ಗುರುತಿಸಬಹುದು. ಗುರುತಿಗೆ ಒದಗುವ ಗಂಟು, ಕತ್ತು, ಮಚ್ಚೆಗಳಲ್ಲಿ ಬಹುಪಾಲು ಪುನರಾವರ್ತಿತ ಅನುಕ್ರಮಗಳೇ. ಪಠ್ಯಪುಸ್ತಕ ‘ಜಂಕ್ ಡಿಎನ್‌ಎ’ ಎಂದು ಅರ್ಧ ಪುಟದಲ್ಲಿ ಮುಗಿಸಿಬಿಡುವ ವಸ್ತು ಸೂಕ್ಷ್ಮದರ್ಶಕದಡಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ. ಪುಸ್ತಕ ಹಾಡಿ ಹೊಗಳುವ ಜೀನುಗಳು ಅಲ್ಲಿ ಕಾಣುವುದೇ ಇಲ್ಲ.

ಕೆಲಸಕ್ಕೆ ಇಳಿಯುವ ಮುನ್ನ ಇಷ್ಟು ತಿಳಿದಿರಲಿ. ಪುನರಾವರ್ತಿತ ಡಿಎನ್‌ಎಯಲ್ಲಿ ಎರಡು ಬಗೆ. ಒಂದು, ಜೀನೋಮಿನ ಉದ್ದಗಲಕ್ಕೂ ಚೆದುರಿರುವಂಥದ್ದು. ಇದು ಮುಖ್ಯವಾಗಿ ಜೀನೋಮಿನಲ್ಲಿ ಜಾಗ ಬದಲಿಸುವ ತುಣುಕುಗಳಾದ ಟ್ರಾನ್ಸ್‌ಪೋಸಾನ್‌ಗಳ ಸಂತಾನ. 2009ರಲ್ಲಿ ಪ್ರಕಟವಾದ ಬಿ73 ಎಂಬ ಮೆಕ್ಕೆಜೋಳ ತಳಿಯ ಜೀನೋಮಿನಲ್ಲಿ ಸುಮಾರು 230 ಕೋಟಿ ಅಕ್ಷರಗಳಿದ್ದು (ಬೇಸ್ ಜೋಡಿಗಳು), ಹೆಚ್ಚುಕಡಿಮೆ ಶೇ. 85ರಷ್ಟು ಈ ಬಗೆಯದೇ ಆಗಿತ್ತು. ಇನ್ನೊಂದು, ಒಂದೇ ತುಣುಕು ಒಂದರ ಹಿಂದೊಂದರಂತೆ ಸಾವಿರಾರು ಸಲ ಸಾಲುಗಟ್ಟಿರುವಂಥದ್ದು. ವರ್ಣತಂತುಗಳಿಗೆ ಹಿಡಿಯುವ ಕಾರ್ಮೈನ್ ಎಂಬ ಕೆಂಪು ಬಣ್ಣದಲ್ಲಿ ದಟ್ಟವಾಗಿ ಎದ್ದು ಕಾಣುವುದು ಈ ಎರಡನೆಯ ಬಗೆ.

ಸುಳಿ ತೆಗೆಯುವುದು

ಸೂಲಂಗಿ (ಗಂಡು ಹೂಗೊಂಚಲು) ಹೊರಗೆ ಬಂದು ಗಾಳಿಗೆ ತೂಗುತ್ತಿದ್ದರೆ ಮಿಯಾಸಿಸ್ ಮುಗಿದು ಬಹಳ ದಿನಗಳಾಗಿರುತ್ತವೆ. ಅದು ಇನ್ನೂ ಸುಳಿಯ ಎಲೆಗಳೊಳಗೆ ಮುಚ್ಚಿಕೊಂಡಿರುವಾಗ ಹೋಗಬೇಕು. ಜೂನ್ ಕೊನೆಯಲ್ಲಿ ಬಿತ್ತಿದ ಹೊಲವಾದರೆ ಆಗಸ್ಟ್ ಮೊದಲ ಹದಿನೈದು ದಿನಗಳಲ್ಲಿ ನೋಡಲು ಶುರು ಮಾಡಿ. ತಳಿ ಮತ್ತು ಮಳೆಯನ್ನು ನೋಡಿಕೊಂಡು ಹಿಂದೆ ಮುಂದೆ ಆಗುತ್ತದೆ. ಸುಳಿಯನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಮೇಲಿನಿಂದ ಕೆಳಕ್ಕೆ ಮೆತ್ತಗೆ ಒತ್ತುತ್ತಾ ಬನ್ನಿ. ಬರೀ ಎಲೆಗಳಿರುವಲ್ಲಿ ಬೆರಳಿಗೆ ಟೊಳ್ಳು ಸಿಗುತ್ತದೆ. ಸೂಲಂಗಿ ಇರುವಲ್ಲಿ ಮೆತ್ತನೆಯ ತುಂಬಿದ ಉಬ್ಬು ಸಿಗುತ್ತದೆ. ಅಲ್ಲಿ ಬ್ಲೇಡಿನಿಂದ ಉದ್ದಕ್ಕೆ ಒಂದು ಸೀಳು ಹಾಕಿ, ಎಲೆಗಳನ್ನು ಬಿಡಿಸಿ, ಸೂಲಂಗಿಯ ಒಂದೆರಡು ಕವಲುಗಳನ್ನು ಮಾತ್ರ ಮುರಿದುಕೊಳ್ಳಬಹುದು. ಗಿಡಕ್ಕೆ ಏನೂ ಆಗುವುದಿಲ್ಲ.

ಹೊಲದವರ ಅನುಮತಿ ಕೇಳಲೇಬೇಕು. “ಆಮೇಲೆ ಆ ಗಿಡ ತೆನೆ ಕಟ್ಟುತ್ತದೆಯೇ, ಮೇಡಂ?” ಎಂದು ಅವರು ಕೇಳಿಯೇ ಕೇಳುತ್ತಾರೆ. ಕಟ್ಟುತ್ತದೆ. ತೆನೆ ಬರುವುದು ಕೆಳಗಿನ ಎಲೆಯ ಕಂಕುಳಿನಿಂದ. ಪರಾಗಕ್ಕೆ ಅಕ್ಕಪಕ್ಕದ ಗಿಡಗಳಿವೆ. ನೀವು ಕೇಳಬೇಕಾದ ಪ್ರಶ್ನೆಯೂ ಒಂದಿದೆ: ಔಷಧಿ ಯಾವಾಗ ಹೊಡೆದಿರಿ? 2018ರಲ್ಲಿ ಫಾಲ್ ಸೈನಿಕ ಹುಳು ಕರ್ನಾಟಕದಲ್ಲಿ ಕಾಣಿಸಿಕೊಂಡಾಗಿನಿಂದ ಔಷಧಿ ನೇರವಾಗಿ ಸುಳಿಗೇ ಬೀಳುತ್ತಿದೆ. ಹೊಡೆದು ದಿನವೆರಡು ದಿನವಾಗಿದ್ದರೆ ಬೇರೆ ಹೊಲ ನೋಡಿ. ಸುಳಿಯಲ್ಲಿ ಹುಳುವಿನ ಹಿಕ್ಕೆ ತುಂಬಿದ್ದರೆ ಆ ಗಿಡವನ್ನು ಬಿಟ್ಟುಬಿಡಿ.

ಬೆಳಗಿನ ಹೊತ್ತು ಒಳ್ಳೆಯದು. ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ಹಿಡಿದಿಡುವ ದ್ರವದ (ಫಿಕ್ಸೇಟಿವ್) ಸೀಸೆಯನ್ನು ಹೊಲಕ್ಕೇ ಒಯ್ಯಿರಿ. ಕವಲು ಕಿತ್ತು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬಂದರೆ ಕಾಲೇಜು ಮುಟ್ಟುವಷ್ಟರಲ್ಲಿ ಜೀವಕೋಶಗಳು ಕೆಟ್ಟಿರುತ್ತವೆ.

ಫಿಕ್ಸ್ ಮಾಡುವುದು, ಬಣ್ಣ ಕಾಯಿಸುವುದು

ಫಿಕ್ಸೇಟಿವ್‌ಗೆ ಮೂರು ಪಾಲು ಶುದ್ಧ ಎಥನಾಲ್, ಒಂದು ಪಾಲು ಗ್ಲೇಸಿಯಲ್ ಅಸಿಟಿಕ್ ಆಮ್ಲ. ಇದನ್ನು ಆಯಾ ದಿನವೇ ಬೆರೆಸಿ, ನಿನ್ನೆಯದು ಬೇಡ. ಆಮ್ಲ ಚರ್ಮವನ್ನು ಸುಡುತ್ತದೆ, ಹಬೆ ಕಣ್ಣಿಗೆ ಅಪಾಯ. ಕೈಗವಸು ಹಾಕಿಕೊಂಡು ಕಿಟಕಿ ತೆರೆದಿಟ್ಟು ಬೆರೆಸಿ. 24 ಗಂಟೆ ಬಿಟ್ಟು ಕವಲುಗಳನ್ನು ಶೇ. 70ರ ಎಥನಾಲ್‌ಗೆ ದಾಟಿಸಿ ಫ್ರಿಜ್‌ನಲ್ಲಿಡಿ. ಗಿಡದ ವಿವರದ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯೊಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.

ಬಣ್ಣಕ್ಕೆ 45 ಮಿ.ಲೀ. ಗ್ಲೇಸಿಯಲ್ ಅಸಿಟಿಕ್ ಆಮ್ಲವನ್ನು 55 ಮಿ.ಲೀ. ನೀರಿಗೆ ಸೇರಿಸಿ, ಒಂದು ಗ್ರಾಂ ಕಾರ್ಮೈನ್ ಪುಡಿ ಹಾಕಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕುದಿಸಿ, ಆರಿಸಿ, ಸೋಸಿಕೊಳ್ಳಿ. ಇದೇ ಅಸಿಟೋಕಾರ್ಮೈನ್. ಮೆಕ್ಕೆಜೋಳಕ್ಕೆ ಅಸಿಟಿಕ್ ಬದಲು ಪ್ರೊಪಿಯಾನಿಕ್ ಆಮ್ಲ ಬಳಸಿದರೆ ಸುತ್ತಲಿನ ಕೋಶದ್ರವ್ಯ ಇನ್ನೂ ತಿಳಿಯಾಗಿ ಕಾಣುತ್ತದೆ. ಪ್ರಯೋಗಾಲಯದಲ್ಲಿ ಇದ್ದರೆ ಅದನ್ನೇ ಬಳಸಿ. ಬಣ್ಣ ವರ್ಣತಂತುವಿಗೆ ಗಟ್ಟಿಯಾಗಿ ಹಿಡಿಯಬೇಕಾದರೆ ಚೂರು ಕಬ್ಬಿಣ ಬೇಕು. ಈ ಉಪಾಯವನ್ನು 1920ರ ದಶಕದಲ್ಲಿ ರೂಢಿಗೆ ತಂದವರು ಜಾನ್ ಬೆಲ್ಲಿಂಗ್. ನಮ್ಮಲ್ಲಿ ತುಕ್ಕು ಹಿಡಿದ ಸೂಜಿಯೇ ಸಾಕು. ಹೊಳೆಯುವ ಸ್ಟೀಲ್ ಸೂಜಿಗಳನ್ನೇ ಖರೀದಿ ಪಟ್ಟಿಗೆ ಸೇರಿಸುವ ಸಹೋದ್ಯೋಗಿಗಳ ಜೊತೆ ನಾನು ಪ್ರತಿವರ್ಷ ಜಗಳವಾಡುತ್ತೇನೆ.

ಪರಾಗಕೋಶ ಬಿಡಿಸುವುದು

ತಾಳ್ಮೆ ಬೇಕಾಗುವ ಘಟ್ಟ ಇದು. ಸೂಲಂಗಿಯ ಪ್ರತಿ ಕಿರುಕದಿರಿನಲ್ಲಿ ಎರಡು ಹೂಗಳು. ಪ್ರತಿ ಹೂವಿನಲ್ಲಿ ಮೂರು ಪರಾಗಕೋಶಗಳು. ಮೇಲಿನ ಹೂ ಕೆಳಗಿನದಕ್ಕಿಂತ ಮುಂದಿರುತ್ತದೆ, ಆದರೆ ಒಂದೇ ಹೂವಿನ ಮೂರು ಪರಾಗಕೋಶಗಳು ಬಹುತೇಕ ಒಂದೇ ಹಂತದಲ್ಲಿರುತ್ತವೆ. ಪ್ರಯೋಗದ ಜಾಣತನವೆಲ್ಲ ಇಲ್ಲಿದೆ. ಮೂರರಲ್ಲಿ ಒಂದನ್ನು ಮಾತ್ರ ಬಣ್ಣದಲ್ಲಿಟ್ಟು ಪರೀಕ್ಷಿಸಿ. ಹಂತ ಸರಿಯಿದ್ದರೆ ಉಳಿದೆರಡು ಕೈಯಲ್ಲಿವೆ. ಹಂತ ಮುಂದೆ ಹೋಗಿದ್ದರೆ ಕೆಳಗಿನ ಹೂವಿಗೆ ಇಳಿಯಿರಿ. ಮುಖ್ಯ ಕದಿರಿನ ನಡುವಿನಿಂದ ತುಸು ಮೇಲಿನ ಭಾಗ ಎಲ್ಲಕ್ಕಿಂತ ಮೊದಲು ಬಲಿಯುತ್ತದೆ. ಅಲ್ಲಿಂದ ತುದಿಗೂ ಬುಡಕ್ಕೂ ಹೋದಂತೆ ಎಳೆಯ ಹಂತಗಳು ಸಿಗುತ್ತವೆ. ಪಕ್ಕದ ಕವಲುಗಳು ಇನ್ನೂ ತಡ. ಪ್ಯಾಕಿಟೀನ್‌ಗೆ ಒಂದೂವರೆಯಿಂದ ಎರಡೂವರೆ ಮಿಲಿಮೀಟರ್ ಉದ್ದದ ಪರಾಗಕೋಶಗಳಿಂದ ಶುರು ಮಾಡಿ, ನಿಮ್ಮ ತಳಿಗೆ ಯಾವ ಅಳತೆ ಹೊಂದುತ್ತದೆಂದು ಬರೆದಿಟ್ಟುಕೊಳ್ಳಿ. ಹಳದಿಯಾಗಿ ಉಬ್ಬಿದವು ಬೇಡ.

ಸ್ಲೈಡ್ ಮೇಲೆ ಸಣ್ಣ ಹನಿ ಬಣ್ಣ. ಪರಾಗಕೋಶವನ್ನು ಅಡ್ಡಡ್ಡ ಎರಡಾಗಿ ಕತ್ತರಿಸಿ, ಸೂಜಿಯ ಚಪ್ಪಟೆ ಮೈಯಿಂದ ಒಂದು ತುದಿಯಿಂದ ಕತ್ತರಿಸಿದ ಬಾಯಿಯ ಕಡೆಗೆ ಒತ್ತಿದರೆ ಮಿಯಾಸಿಸ್ ನಡೆಸುವ ಮಾತೃಜೀವಕೋಶಗಳು ಒಟ್ಟಾಗಿ ಹೊರಗೆ ಜಾರುತ್ತವೆ. ಖಾಲಿ ಸಿಪ್ಪೆಯನ್ನು ಚಿಮಟದಿಂದ ಎತ್ತಿ ಎಸೆಯಿರಿ. ಅದು ಉಳಿದರೆ ಕವರ್‌ಸ್ಲಿಪ್ ಕೂರುವುದಿಲ್ಲ. ತುಕ್ಕುಸೂಜಿಯಿಂದ ಹನಿಯನ್ನು ಕಲಕುತ್ತಾ ಇರಿ. ಕೆಂಪು ಬಣ್ಣ ನೇರಳೆಯ ಕಡೆಗೆ ತಿರುಗುವ ಕ್ಷಣ ನಿಲ್ಲಿಸಿ. ಇನ್ನೂ ಕಲಕಿದರೆ ಬಣ್ಣ ಕಪ್ಪುಗಟ್ಟಿ ಹರಳಾಗುತ್ತದೆ. ಕವರ್‌ಸ್ಲಿಪ್ ಹಾಕಿ, ಸ್ಪಿರಿಟ್ ದೀಪದ ಮೇಲೆ ಸ್ಲೈಡನ್ನು ಸರ್ರನೆ ಹಾಯಿಸಿ ಮುಂಗೈ ಹಿಂಭಾಗಕ್ಕೆ ಮುಟ್ಟಿಸಿ ನೋಡಿ: ಬಿಸಿ ತಡೆಯುವಂತಿರಬೇಕು, ಹನಿ ಕುದಿಯಬಾರದು. ಹಾಗೆ ನಾಲ್ಕಾರು ಸಲ. ಕೋಶದ್ರವ್ಯ ಬಿಳಿಚಿ ವರ್ಣತಂತು ಕಪ್ಪಾಗುವುದು ಈ ಬಿಸಿಯಿಂದಲೇ. ನಂತರ ಬ್ಲಾಟಿಂಗ್ ಕಾಗದದ ನಡುವೆ ಇಟ್ಟು ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಕವರ್‌ಸ್ಲಿಪ್ ಕೂದಲೆಳೆಯಷ್ಟು ಪಕ್ಕಕ್ಕೆ ಜರುಗಿದರೂ ಜೀವಕೋಶಗಳು ಹೊಸೆದುಕೊಳ್ಳುತ್ತವೆ; ಆಮೇಲೆ ಆ ಸ್ಲೈಡಿನಿಂದ ಏನೂ ಹುಟ್ಟುವುದಿಲ್ಲ.

ಏನನ್ನು ನೋಡಬೇಕು

10ರ ಮಸೂರದಲ್ಲಿ ಹುಡುಕಿ, 40ರಲ್ಲಿ ಆರಿಸಿ, 100ರ ಎಣ್ಣೆ ಮಸೂರದಲ್ಲಿ ಓದಿ.

ಎಳೆಯ ಕೋಶಗಳಲ್ಲಿ ಮೊದಲು ಸಿಗುವುದು ಲೆಪ್ಟೊಟೀನ್: ತೆಳು ಎಳೆಗಳ ಗೋಜಲು. ಅದರ ಬೆನ್ನಿಗೇ ಬರುವ ಝೈಗೊಟೀನ್‌ನಲ್ಲಿ ಎಳೆಗಳೆಲ್ಲ ಕೋಶಕೇಂದ್ರದ ಒಂದು ಮಗ್ಗುಲಿಗೆ ಒತ್ತರಿಸಿಕೊಂಡಿರುತ್ತವೆ. ಇದನ್ನು ಕೆಟ್ಟ ಸ್ಲೈಡ್ ಎಂದುಕೊಂಡು ಬಿಸಾಡುವ ವಿದ್ಯಾರ್ಥಿಗಳೇ ಹೆಚ್ಚು. ಬಿಸಾಡಬೇಡಿ. ಪುನರಾವರ್ತಿತ ಡಿಎನ್‌ಎಯ ಮೊದಲ ಕೆಲಸ ಕಾಣುವುದು ಇಲ್ಲೇ. ವರ್ಣತಂತುವಿನ ಎರಡೂ ತುದಿಗಳಲ್ಲಿ ಟಿಟಿಟಿಎಜಿಜಿಜಿ ಎಂಬ ಏಳಕ್ಷರದ ತುಣುಕು ಮತ್ತೆ ಮತ್ತೆ ಬಂದು ಟೆಲೊಮಿಯರ್ ಆಗಿದೆ. ಆ ತುದಿಗಳು ಕೋಶಕೇಂದ್ರದ ಪೊರೆಗೆ ಅಂಟಿಕೊಂಡು ಒಂದೆಡೆ ಗುಂಪಾಗುತ್ತವೆ. ದುಗ್ಗಮ್ಮನ ಜಾತ್ರೆಯ ಜನಜಂಗುಳಿಯಲ್ಲಿ ಜೊತೆಗಾರರು ತಪ್ಪಿಹೋದರೆ ಗುಡಿಯ ಇಂಥ ಮೂಲೆಗೆ ಬನ್ನಿ ಎಂದು ಮೊದಲೇ ಹೇಳಿಟ್ಟಿರುತ್ತೇವಲ್ಲ, ಹಾಗೆ. ಟೆಲೊಮಿಯರ್ ತುಣುಕು ಎಲ್ಲ ವರ್ಣತಂತುಗಳಲ್ಲೂ ಒಂದೇ ಆದ್ದರಿಂದ ಯಾರ ಜೋಡಿ ಯಾರು ಎಂಬುದನ್ನು ಅದು ಹೇಳಲಾರದು. ಆದರೆ ಉದ್ದನೆಯ ಎಳೆಗಳು ಇಡೀ ಕೋಶಕೇಂದ್ರ ತಡಕಾಡುವ ಬದಲು ತುದಿಗಳು ಹತ್ತಿರದಲ್ಲೇ ಇರುವಂತೆ ಮಾಡುತ್ತದೆ, ಹುಡುಕಾಟ ಚಿಕ್ಕದಾಗುತ್ತದೆ.

ಈಗ ಪ್ಯಾಕಿಟೀನ್. ಜೋಡಿ ಕಟ್ಟಿದ ಎಳೆಗಳು ದಪ್ಪಗಾಗಿ, ಬಿಡಿಬಿಡಿಯಾಗಿ ಹರಡಿರುತ್ತವೆ. ಒಂದನೆಯ ವರ್ಣತಂತು ಸುಮಾರು 82 ಮೈಕ್ರಾನ್ ಉದ್ದ, ಹತ್ತನೆಯದು ಸುಮಾರು 37. ಎಲ್ಲ ಹತ್ತನ್ನೂ ಒಂದೇ ಕೋಶದಲ್ಲಿ ಬಿಡಿಸಿ ನೋಡುವ ಹಟ ಬೇಡ. ಮೊದಲು ಕೋಶಕೇಂದ್ರದೊಳಗಿನ ದೊಡ್ಡ ದುಂಡನೆಯ ನ್ಯೂಕ್ಲಿಯೋಲಸ್ ಹುಡುಕಿ. ಅದಕ್ಕೆ ಅಂಟಿಕೊಂಡಿರುವ ಎಳೆಯೇ ಆರನೆಯ ವರ್ಣತಂತು. ಅಂಟಿದ ಜಾಗದಲ್ಲಿ ಗಾಢವಾದ ಒಂದು ಉಬ್ಬು ಕಾಣುತ್ತದೆ. ರೈಬೋಸೋಮಿನ ಆರ್‌ಎನ್‌ಎ ಜೀನು ಸಾವಿರಾರು ಪ್ರತಿಗಳಲ್ಲಿ ಸಾಲುಗಟ್ಟಿರುವ ತಾಣ ಅದು. ಹೀಗೆ ನಿಮಗೆ ಸಿಕ್ಕ ಮೊದಲ ಗುರುತೇ ಪುನರಾವರ್ತಿತ ಡಿಎನ್‌ಎ ಆಯಿತು.

ಆಮೇಲೆ ಗಂಟುಗಳು. ಪುಸ್ತಕಗಳಲ್ಲಿ ನಾಬ್ ಎಂದಿರುತ್ತದೆ. ಎಳೆಯ ಮೇಲೆ ಅಲ್ಲಲ್ಲಿ, ಎಳೆಗಿಂತ ದಪ್ಪವಾಗಿ, ಕಪ್ಪಗೆ ದುಂಡಗೆ ಕೂತಿರುತ್ತವೆ. 180 ಅಕ್ಷರಗಳ ಒಂದು ತುಣುಕು ಅಲ್ಲಿ ಸಾವಿರಾರು ಸಲ ಸಾಲುಗಟ್ಟಿದೆ ಎಂಬುದು 1981ರಲ್ಲಿ ಗೊತ್ತಾಯಿತು; ಸುಮಾರು 350 ಅಕ್ಷರಗಳ ಟಿಆರ್-1 ಎಂಬ ಇನ್ನೊಂದು ತುಣುಕು ಕೆಲವು ಗಂಟುಗಳಲ್ಲಿ ಬೆರೆತಿರುತ್ತದೆ. ಗಂಟುಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಮೆಕ್ಕೆಜೋಳದಲ್ಲಿ ಅವಕ್ಕೆ ಇಪ್ಪತ್ತಕ್ಕೂ ಹೆಚ್ಚು ನಿಗದಿತ ಸ್ಥಾನಗಳಿವೆ, ಒಂದೊಂದು ತಳಿಯಲ್ಲಿ ಒಂದೊಂದು ಬಗೆಯ ಹಂಚಿಕೆ. ಉಷ್ಣವಲಯದ ತಳಿಗಳಲ್ಲಿ ಹೆಚ್ಚು, ಉತ್ತರ ಅಮೆರಿಕದ ಚಳಿನಾಡಿನ ಫ್ಲಿಂಟ್ ತಳಿಗಳಲ್ಲಿ ಅತಿ ಕಡಿಮೆ. ಜೋಡಿ ಕಟ್ಟುವುದಕ್ಕೆ ತುಸು ಮೊದಲು ಈ ಗಂಟುಗಳು ಉದ್ದಕ್ಕೆ ಚಾಚಿಕೊಳ್ಳುತ್ತವೆ ಎಂದು 1994ರಲ್ಲಿ ಕೆಲ್ಲಿ ಡಾವ್ ಮತ್ತು ಸಂಗಡಿಗರು ತೋರಿಸಿದರು. ಅಂದರೆ ಜೋಡಿ ಹುಡುಕುವ ಹೊತ್ತಿಗೆ ಈ ‘ಜಡ’ ವಸ್ತುವೂ ರೂಪ ಬದಲಿಸುತ್ತದೆ.

ರೈತರು ಬಿತ್ತುವುದು ಹೈಬ್ರಿಡ್ ಆದ್ದರಿಂದ ನಮಗೊಂದು ಲಾಭ. ತಾಯಿ ತಳಿಯಲ್ಲಿ ಗಂಟು ಇದ್ದು ತಂದೆ ತಳಿಯಲ್ಲಿ ಇಲ್ಲದಿದ್ದರೆ, ಜೋಡಿಯ ಒಂದು ಎಳೆಯ ಮಗ್ಗುಲಲ್ಲಿ ಮಾತ್ರ ಉಬ್ಬು ಕಾಣುತ್ತದೆ. ಇಂಥ ಒಂದು ಜೋಡಿ ಕಂಡರೆ ಅಲ್ಲೇ ನಿಂತು ಚಿತ್ರ ಬಿಡಿಸಿ. 1931ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್‌ಕ್ಲಿಂಟಾಕ್ ಇದೇ ವ್ಯತ್ಯಾಸವನ್ನು ಹಿಡಿದುಕೊಂಡು ಹೊರಟರು. ಒಂಬತ್ತನೆಯ ವರ್ಣತಂತುವಿನ ಒಂದು ಪ್ರತಿಯಲ್ಲಿ ತುದಿಗೆ ಗಂಟಿತ್ತು, ಇನ್ನೊಂದು ಕಡೆ ಎಂಟನೆಯದರಿಂದ ಬಂದು ಸೇರಿದ ತುಂಡಿತ್ತು. ಇನ್ನೊಂದು ಪ್ರತಿಯಲ್ಲಿ ಎರಡೂ ಇರಲಿಲ್ಲ. ಕಾಳಿನ ಬಣ್ಣ ಮತ್ತು ಮೇಣದಂಥ ಪಿಷ್ಟದ ಜೀನುಗಳು ಅದಲುಬದಲಾದ ಗಿಡಗಳಲ್ಲಿ ಗಂಟೂ ತುಂಡೂ ಬೇರೆಬೇರೆಯಾಗಿದ್ದವು. ವರ್ಣತಂತುಗಳು ನಿಜವಾಗಿ ತುಂಡುಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿದ್ದು ಹೀಗೆ. ಸಾಕ್ಷಿ ಹೇಳಿದ ಆ ಗಂಟು ಪುನರಾವರ್ತಿತ ಡಿಎನ್‌ಎಯ ರಾಶಿ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಕೋಶ ವಿಭಜನೆಯಲ್ಲಿ ವರ್ಣತಂತುವನ್ನು ಎಳೆಯಲು ಹಿಡಿಯಾಗುವ ಸೆಂಟ್ರೊಮಿಯರ್ ಹುಡುಕುವುದು ಸ್ವಲ್ಪ ಕಷ್ಟ. ಎರಡು ಗಾಢ ಭಾಗಗಳ ನಡುವೆ ತಿಳಿ ಬಣ್ಣದ, ತುಸು ಉಬ್ಬಿದ ಕತ್ತು ಕಂಡರೆ ಅದೇ. ಅಲ್ಲಿಯೂ ಸೆಂಟ್‌ಸಿ ಎಂಬ 156 ಅಕ್ಷರಗಳ ತುಣುಕಿನ ಸಾಲು, ಅದರ ನಡುನಡುವೆ ಸೆಂಟ್ರೊಮಿಯರಿಗೇ ಬಂದು ಸೇರುವ ಒಂದು ಬಗೆಯ ರೆಟ್ರೊಟ್ರಾನ್ಸ್‌ಪೋಸಾನ್ (ಆರ್‌ಎನ್‌ಎ ಮೂಲಕ ನಕಲಾಗುವ ಟ್ರಾನ್ಸ್‌ಪೋಸಾನ್). ಮುಂದೆ ವರ್ಣತಂತುಗಳು ಗಿಡ್ಡಗಾಗಿ ದಪ್ಪಗಾದ ಡಯಾಕೈನೆಸಿಸ್ ಹಂತದ ಕೋಶಗಳು ಸಿಕ್ಕಾಗ ಕಯಾಸ್ಮಗಳು, ಅಂದರೆ ವಿನಿಮಯ ನಡೆದ ಜಾಗದಲ್ಲಿ ಜೋಡಿ ಅಂಟಿಕೊಂಡಿರುವ ತಾಣಗಳು, ಎಲ್ಲಿವೆ ನೋಡಿ: ಹೆಚ್ಚಿನವು ತುದಿಗಳ ಕಡೆಗೆ. ಸೆಂಟ್ರೊಮಿಯರಿನ ಅಕ್ಕಪಕ್ಕ, ಗಂಟುಗಳ ಒಳಗೆ ವಿನಿಮಯ ಅಪರೂಪ. ಒಂದೇ ತುಣುಕಿನ ಸಾವಿರ ಪ್ರತಿಗಳಿರುವಲ್ಲಿ ತಪ್ಪು ಪ್ರತಿಯ ಜೊತೆ ವಿನಿಮಯವಾದರೆ ವರ್ಣತಂತು ಉದ್ದಗಿಡ್ಡವಾಗುವ ಅಪಾಯವಿದೆ; ದಟ್ಟವಾಗಿ ಮಡಚಿಟ್ಟ ಹೆಟೆರೊಕ್ರೊಮಾಟಿನ್ ಆ ಬಾಗಿಲನ್ನೇ ಮುಚ್ಚಿರುತ್ತದೆ.

ಗಂಟು ಎಳೆದೊಯ್ಯುವ ಕಥೆ

ಇದನ್ನು ನಮ್ಮ ಹೈಬ್ರಿಡ್ ಹೊಲಗಳಲ್ಲಿ ನಿರೀಕ್ಷಿಸಬೇಡಿ, ಆದರೆ ವಿದ್ಯಾರ್ಥಿಗಳಿಗೆ ಹೇಳದೆ ಬಿಡಬೇಡಿ. ಮೆಕ್ಸಿಕೋ ಕಡೆಯ ಕೆಲವು ನಾಟಿ ತಳಿಗಳಲ್ಲಿ, ಕಾಡು ಬಂಧುವಾದ ಟಿಯೊಸಿಂಟೆಯಲ್ಲಿ ಹತ್ತನೆಯ ವರ್ಣತಂತುವಿನ ಒಂದು ವಿಚಿತ್ರ ರೂಪ ಇದೆ. ತುದಿಯಲ್ಲಿ ಭಾರಿ ಗಂಟು. ಒಂದು ಪ್ರತಿ ಮಾತ್ರ ಇದ್ದರೆ ಅರ್ಧ ಮಕ್ಕಳಿಗೆ ದಾಟಬೇಕು ತಾನೆ? ತಾಯಿಯ ಕಡೆಯಿಂದ ಅದು ಸುಮಾರು ಶೇ. 70ಕ್ಕೂ ಹೆಚ್ಚು ಮಕ್ಕಳಿಗೆ ದಾಟುತ್ತದೆ. 1942ರಲ್ಲಿ ಇದನ್ನು ತೋರಿಸಿದವರು ಮಾರ್ಕಸ್ ರೋಡ್ಸ್.

ಗುಟ್ಟು ಹೀಗಿದೆ. ಸಾಮಾನ್ಯವಾಗಿ ಅನಾಫೇಸ್‌ನಲ್ಲಿ, ಅಂದರೆ ವರ್ಣತಂತುಗಳು ಕೋಶದ ಎರಡು ಧ್ರುವಗಳತ್ತ ಸರಿಯುವಾಗ, ಸೆಂಟ್ರೊಮಿಯರ್ ಮುಂದೆ, ಭುಜಗಳು ಹಿಂದೆ. ಈ ವಿಚಿತ್ರ ವರ್ಣತಂತು ಇರುವ ಕೋಶಗಳಲ್ಲಿ ಗಂಟುಗಳೇ ಸೆಂಟ್ರೊಮಿಯರನ್ನು ಹಿಂದೆ ಹಾಕಿ ಧ್ರುವದತ್ತ ಓಡುತ್ತವೆ. ಹೆಣ್ಣು ಹೂವಿನಲ್ಲಿ ಮಿಯಾಸಿಸ್‌ನಿಂದ ಬರುವ ನಾಲ್ಕು ಕೋಶಗಳು ಒಂದು ಸಾಲಿನಲ್ಲಿದ್ದು ಬುಡದ ಒಂದು ಮಾತ್ರ ಬದುಕುತ್ತದೆ. ಮುಂದೆ ಓಡಿದ ಗಂಟುಗಳು ಸಾಲಿನ ಹೊರತುದಿಗಳಿಗೆ ಸೇರುವುದರಿಂದ ಬದುಕುವ ಕೋಶದಲ್ಲಿ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. ಗಂಟನ್ನು ಎಳೆಯುವ ಕೈನೆಸಿನ್ ಪ್ರೋಟೀನಿನ ಜೀನುಗಳು ಆ ವರ್ಣತಂತುವಿನಲ್ಲೇ ಇವೆ ಎಂದು 2018ರಲ್ಲಿ ಡಾವ್ ಅವರ ತಂಡ ಪ್ರಕಟಿಸಿತು. ಗಂಟು ತಾನೇ ಯಾವ ಪ್ರೋಟೀನಿಗೂ ಸಂಕೇತ ಬರೆಯದ ಡಿಎನ್‌ಎ. ಆದರೂ ತನ್ನ ಪಾಲಿಗಿಂತ ಹೆಚ್ಚನ್ನು ಕಸಿಯುತ್ತದೆ. ಮೆಂಡೆಲನ ಅನುಪಾತ ಎಲ್ಲ ಕಡೆ ನಡೆಯುತ್ತದೆ ಎಂದು ಕಂಠಪಾಠ ಮಾಡಿದವರು ಇಲ್ಲಿಗೆ ಬಂದಾಗ ತಲೆ ಕೆರೆದುಕೊಳ್ಳುವುದನ್ನು ನೋಡಲು ನನಗೆ ಸ್ವಲ್ಪ ಖುಷಿಯೇ.

ಕಾರ್ಮೈನ್‌ಗೆ ನಿಲುಕದ್ದು

ಪ್ಯಾಕಿಟೀನ್ ಜೋಡಿಯನ್ನು ಉದ್ದಕ್ಕೂ ಬೆಸೆದಿರುವ ಸಿನಾಪ್ಟೊನೆಮಲ್ ಕಾಂಪ್ಲೆಕ್ಸ್ ಎಂಬ ಪ್ರೋಟೀನಿನ ಏಣಿ ಈ ಸ್ಲೈಡಿನಲ್ಲಿ ಕಾಣುವುದಿಲ್ಲ. ಡಿಎನ್‌ಎ ಅದರ ಬದಿಯ ಅಕ್ಷಕ್ಕೆ ಕುಣಿಕೆ ಕುಣಿಕೆಯಾಗಿ ಕಟ್ಟಿಕೊಂಡಿರುತ್ತದೆ. ಕುಣಿಕೆಯ ಬುಡದಲ್ಲಿ ಯಾವ ಅನುಕ್ರಮ ಇದೆ? 1992ರಲ್ಲಿ ಟೊರಾಂಟೊದಲ್ಲಿ ಪರ್ಲ್‌ಮನ್, ತ್ಸಾವ್, ಮೋಯೆನ್ಸ್ ಇಲಿಯ ಪ್ಯಾಕಿಟೀನ್ ವರ್ಣತಂತುಗಳಿಗೆ ಡಿಎನ್‌ಎ ಕತ್ತರಿಸುವ ಕಿಣ್ವ ಹಾಕಿ, ಅಕ್ಷಕ್ಕೆ ಅಂಟಿ ಉಳಿದ ಚೂರುಗಳನ್ನು ಓದಿದರು. ಜಿಟಿ ಜಿಟಿ ಎಂದು ಸಾಗುವ ಸಾಲುಗಳು, ಲೈನ್ ಮತ್ತು ಸೈನ್ ಎಂಬ ಚೆದುರಿದ ಪುನರಾವರ್ತನೆಗಳು ಅವುಗಳಲ್ಲಿ ಸಿಕ್ಕವು.

ಪುನರಾವರ್ತನೆಯೇ ಜೋಡಿ ಕಟ್ಟಿಸುವ ನೇರ ಉದಾಹರಣೆ ಬೇಕೆಂದರೆ ಹಣ್ಣುನೊಣಕ್ಕೆ ಹೋಗಬೇಕು. ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಗಂಡಿನಲ್ಲಿ ವಿನಿಮಯವೇ ನಡೆಯುವುದಿಲ್ಲ. ಎಕ್ಸ್ ಮತ್ತು ವೈ ನಡುವೆ ಹೋಲಿಕೆಯೂ ಕಡಿಮೆ. ಆದರೂ ಎರಡೂ ಸರಿಯಾಗಿ ಜೋಡಿಯಾಗಿ ಬೇರೆಯಾಗುತ್ತವೆ. ಎರಡರಲ್ಲೂ ಇರುವ ರೈಬೋಸೋಮಲ್ ಜೀನುಗಳ ನಡುವಿನ 240 ಅಕ್ಷರಗಳ ತುಣುಕು ಅವನ್ನು ಹಿಡಿದಿಡುತ್ತದೆ. ಆ ಭಾಗ ಕಳೆದುಕೊಂಡ ಎಕ್ಸ್‌ಗೆ ತುಣುಕುಗಳನ್ನು ಮತ್ತೆ ಸೇರಿಸಿದರೆ ಜೋಡಿ ಕಟ್ಟುವ ಶಕ್ತಿ ಮರಳುತ್ತದೆ ಎಂದು ಬ್ರೂಸ್ ಮೆಕೀ ಮತ್ತು ಸಂಗಡಿಗರು ತೋರಿಸಿದ್ದಾರೆ.

ಗಂಟೇ ಕಾಣದಿದ್ದರೆ

ಮೂರು ಸಂಗತಿ ಪರೀಕ್ಷಿಸಿ. ಮೊದಲನೆಯದು ಬಣ್ಣ: ಕೋಶದ್ರವ್ಯವೂ ಕೆಂಪಾಗಿದ್ದರೆ ಕವರ್‌ಸ್ಲಿಪ್ಪಿನ ಅಂಚಿಗೆ ಶೇ. 45ರ ಅಸಿಟಿಕ್ ಆಮ್ಲದ ಹನಿ ಬಿಟ್ಟು ಎದುರು ಅಂಚಿನಿಂದ ಬ್ಲಾಟಿಂಗ್ ಕಾಗದದಲ್ಲಿ ಹೀರಿ, ಮತ್ತೆ ಬಿಸಿ ತೋರಿಸಿ. ಎರಡನೆಯದು ಹಂತ: ಎಳೆಗಳು ಇನ್ನೂ ಒಂದು ಮಗ್ಗುಲಿಗೆ ಒತ್ತಿಕೊಂಡಿದ್ದರೆ ಅದೇ ಕದಿರಿನಲ್ಲಿ ತುಸು ಉದ್ದನೆಯ ಪರಾಗಕೋಶಕ್ಕೆ ಹೋಗಿ. ಮೂರನೆಯದು ತಳಿ: ಗಂಟು ಕಡಿಮೆ ಇರುವ ಹೈಬ್ರಿಡ್ ಇರಬಹುದು, ಪಕ್ಕದ ಹೊಲದವರು ಬೇರೆ ಬೀಜ ಹಾಕಿದ್ದರೆ ಅದನ್ನು ನೋಡಿ. ಮನೆಯಲ್ಲೇ ಬೀಜ ಉಳಿಸಿಕೊಂಡು ಬಿತ್ತುವವರು ಸಿಕ್ಕರೆ ಅವರ ಹೊಲ ಬಿಡಬೇಡಿ.

ಕಂಡದ್ದೆಲ್ಲ ಗಂಟಲ್ಲ. ಎರಡು ಎಳೆ ಒಂದರ ಮೇಲೊಂದು ಹಾದರೂ ಕಪ್ಪು ಚುಕ್ಕೆ ಕಾಣುತ್ತದೆ. ಫೋಕಸ್ ಮೇಲೆ ಕೆಳಗೆ ಆಡಿಸಿದರೆ ಎರಡೂ ಬೇರೆಯಾಗುತ್ತವೆ. ಕಾರ್ಮೈನ್ ಹರಳಾದರೆ ಅಂಚು ಚೂಪಾಗಿ ಹೊಳೆಯುತ್ತದೆ. ನಿಜವಾದ ಗಂಟು ಅದೇ ಗಿಡದ ಬೇರೆ ಬೇರೆ ಕೋಶಗಳಲ್ಲಿ, ಅದೇ ವರ್ಣತಂತುವಿನ ಅದೇ ಜಾಗದಲ್ಲಿ ಸಿಗಬೇಕು. ಹಾಗೆ ಸಿಗುವವರೆಗೆ ರೆಕಾರ್ಡ್ ಪುಸ್ತಕದಲ್ಲಿ ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆಯೇ ಇರಲಿ. ನಾನು ಸಹಿ ಹಾಕುವಾಗ ಅದಕ್ಕೆ ಅಂಕ ಕಳೆಯುವುದಿಲ್ಲ.